ಪಟಕ್ಕೆ ಹಾರ ಹಾಕಿದರೆ ಪಾಠ ಆಗೋದಿಲ್ಲ
(ಸಾಗರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ಭಾನುವಾರ ಬಂದರೆ ನಾವು ನಾಲ್ಕೈದು ಜನ ಕೇರಿಯ ಮಕ್ಕಳಿಗೆ ಪಾಠ ಹೇಳಲು ಹೋಗುತ್ತೇವೆ. ಒಂದು ದಿನ ಶಾಂತವೇರಿ ಗೋಪಾಲಗೌಡರ ಬಗ್ಗೆ ಹೇಳಿದೆವು. 'ಧೀಮಂತ ನಾಯಕರು, ಸರಳ ಜೀವಿ, ಆದರ್ಶ ಪುರುಷರು' ಎಂದು ಬೋರ್ಡಿನ ಮೇಲೆ ಬರೆದೆವು. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: 'ಅಣ್ಣಾ, ಅವ್ರು ಏನ್ ಮಾಡಿದ್ರು?'

ನಮ್ಮ ಬಾಯಿ ಕಟ್ಟಿಹೋಯಿತು. ಡಿಗ್ರಿ ಮಾಡಿದವರು ನಾವು. ಹೊಗಳೋದು ಕಲಿತಿದ್ದೆವು, ಹೇಳೋದು ಕಲಿತಿರಲಿಲ್ಲ. ಮುಂದಿನ ವಾರ ಓದಿಕೊಂಡು ಹೋದೆವು.

ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರಲ್ಲಿ ಹುಟ್ಟಿದ ಗೋಪಾಲಗೌಡರು 1942ರ ಚಳವಳಿಯಲ್ಲಿ ಜೈಲು ಕಂಡವರು. ಇಲ್ಲೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ದುಡಿಯುತ್ತಿದ್ದರು, ಒಡೆಯರು ಅಳೆಯುತ್ತಿದ್ದರು. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು! ಅದನ್ನು ಕೇಳುವ ಧೈರ್ಯ ಒಬ್ಬನಿಂದ ಬರಲಿಲ್ಲ. ಎಚ್. ಗಣಪತಿಯಪ್ಪನವರು ರೈತರನ್ನು ಸಂಘ ಕಟ್ಟಿಸಿದರು. 1951ರಲ್ಲಿ ಸತ್ಯಾಗ್ರಹ ಶುರುವಾಯಿತು. ಗದ್ದೆಗೆ ಇಳಿದವರನ್ನು ಹಿಡಿದು ಜೈಲಿಗೆ ಹಾಕಿದರು. ಗೋಪಾಲಗೌಡರೂ ಅವರ ಸಮಾಜವಾದಿ ಪಕ್ಷವೂ ಜೊತೆಗೆ ನಿಂತವು. ಅದೇ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. 1952ರಲ್ಲಿ ಸಾಗರ-ಹೊಸನಗರದ ಜನ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಉಳುವವನಿಗೆ ಭೂಮಿ ಎಂಬ ಕಾನೂನು ಜಾರಿಗೆ ಬಂದದ್ದು 1974ರಲ್ಲಿ, ದೇವರಾಜ ಅರಸರ ಕಾಲಕ್ಕೆ. ಗೋಪಾಲಗೌಡರು 1972ರಲ್ಲೇ ತೀರಿಕೊಂಡಿದ್ದರು. ಅದೇ ಕಾಗೋಡಿನ ತಿಮ್ಮಪ್ಪನವರು 2013ರಲ್ಲಿ ವಿಧಾನಸಭೆಯ ಅಧ್ಯಕ್ಷರ ಕುರ್ಚಿಯಲ್ಲಿ ಕೂತರು.

ಈ ಸಲ ಮಕ್ಕಳು ಕಣ್ಣು ಬಿಟ್ಟುಕೊಂಡು ಕೇಳಿದವು. ಕೊಳಗ ಅಂದರೆ ಅವಕ್ಕೆ ಗೊತ್ತು. ಮೋಸ ಅಂದರೂ ಗೊತ್ತು.

ಆದರೆ ಜಗಲಿಯ ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದ ಆ ಹುಡುಗಿಯ ಅಜ್ಜ ಕೇಳಿದರು: 'ಎಲ್ಲಾ ಸರಿ ಕಣ್ರಪ್ಪಾ. ನಮ್ ಕೇರಿಗೆ ಎಷ್ಟು ಗದ್ದೆ ಬಂತು?'

ಗೆಳೆಯರೇ, ಈ ಪ್ರಶ್ನೆಯನ್ನು ಮುಚ್ಚಿಟ್ಟು ಪಾಠ ಹೇಳುವುದು ಮಕ್ಕಳಿಗೆ ಮಾಡುವ ಮೋಸ. 1974ರ ಕಾನೂನು ಗೇಣಿದಾರನನ್ನು ಗುರುತಿಸಿತು. ಗೇಣಿದಾರನ ಗದ್ದೆಯಲ್ಲಿ, ಒಡೆಯನ ತೋಟದಲ್ಲಿ ಕೂಲಿಗೆ, ಜೀತಕ್ಕೆ ದುಡಿದವನು ಗೇಣಿದಾರನಲ್ಲ. ಏಳನೇ ನಂಬರ್ ಫಾರಂ ತುಂಬಲು ಅವನ ಹತ್ತಿರ ಗೇಣಿಯೇ ಇರಲಿಲ್ಲ. ಜೀತ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಅದು ಜೀತದ ಸಾಲ ಹರಿಯಿತು, ಗದ್ದೆ ಕೊಡಲಿಲ್ಲ.

ಹಾಗಾದರೆ ಗೋಪಾಲಗೌಡರನ್ನು, ಗಣಪತಿಯಪ್ಪನವರನ್ನು ಬಿಟ್ಟುಬಿಡೋಣವೇ? ಬೇಡ. ಅವರು ಎಲ್ಲಿಯ ತನಕ ದಾರಿ ಕಡಿದರು, ಎಲ್ಲಿ ದಾರಿ ನಿಂತಿತು, ಎರಡನ್ನೂ ಹೇಳೋಣ. ನಿಂತ ಜಾಗ ತೋರಿಸಿದರೆ ತಾನೇ ಮುಂದಿನವರು ಗುದ್ದಲಿ ಹಿಡಿಯೋದು?

ಗುದ್ದಲಿ ಹಿಡಿದವರೂ ಇದ್ದಾರೆ. ಹರಿಹರದಲ್ಲಿ ಹುಟ್ಟಿದ ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರು. ಹಗಲು ಕಾಲೇಜಿನಲ್ಲಿ ಪಾಠ ಹೇಳುತ್ತಲೇ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಪಕ್ಕದ ಸೊರಬದ ಚಂದ್ರಗುತ್ತಿಯಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು ತಡೆಯಲು ಹೋದವರ ಮೇಲೆ 1986ರಲ್ಲಿ ಹಲ್ಲೆ ನಡೆಯಿತು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಬೇಕಾಯಿತು. ಹೊಡೆತ ತಿಂದವರ ಹೆಸರು ಯಾವ ಪಠ್ಯಪುಸ್ತಕದಲ್ಲಿದೆ?

ಕುಪ್ಪಳಿಯ ಕುವೆಂಪು 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಗುತ್ತಿ, ತಿಮ್ಮಿಯರನ್ನು ನಮ್ಮ ಕಣ್ಣ ಮುಂದೆ ನಡೆಸಿದರು. ಅವರು ಕತೆಯ ಗುತ್ತಿ, ತಿಮ್ಮಿ. ನಿಜವಾದ ಗುತ್ತಿಯರನ್ನು ಬರೆಯುವವರು ಯಾರು? ನಾವೇ.

ಒಂದು ಪುಸ್ತಕಕ್ಕೆ ಎಷ್ಟು ಶಕ್ತಿಯಿದೆ ನೋಡಿ. 1907ರಲ್ಲಿ ಹುಡುಗ ಭೀಮರಾವ್ ಮೆಟ್ರಿಕ್ ಪಾಸಾದಾಗ ಕೃಷ್ಣಾಜಿ ಅರ್ಜುನ್ ಕೇಳುಸ್ಕರ್ ಎಂಬ ಮೇಷ್ಟ್ರು ತಾವೇ ಬರೆದ ಬುದ್ಧನ ಚರಿತ್ರೆಯನ್ನು ಕೊಟ್ಟರು. 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬಾಬಾಸಾಹೇಬರು ಬುದ್ಧನ ದಾರಿಗೆ ಬಂದರು. ನಡುವೆ 49 ವರ್ಷ. ಮಗುವಿನ ಕೈಗೆ ಕೊಟ್ಟದ್ದು ಎಂದು ಮೊಳೆಯುತ್ತದೋ ಹೇಳಲಾಗದು.

ಅದಕ್ಕೇ ನಮ್ಮ ಬೇಡಿಕೆ ಇಷ್ಟು. ಜಯಂತಿ ದಿನ ಪಟಕ್ಕೆ ಹಾರ ಹಾಕಿ, ಮಂಡಕ್ಕಿ ಹಂಚಿ ಮನೆಗೆ ಹೋಗಬೇಡಿ. ಯಾರ ಬಗ್ಗೆ ಹೇಳಿದರೂ ಮಕ್ಕಳಿಂದ ನಾಲ್ಕು ಪ್ರಶ್ನೆ ಕೇಳಿಸಿ: ಅವರಿಗಿಂತ ಮುಂಚೆ ಹೇಗಿತ್ತು? ಅವರು ಏನು ಮಾಡಿದರು? ಜೊತೆಗೆ ಯಾರಿದ್ದರು? ಏನು ಉಳಿಯಿತು? ಮೂರನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಗಂಡಸರು ಜೈಲಿಗೆ ಹೋದಾಗ ಮನೆಯ ಒಲೆ ಉರಿಸಿದವರು ಯಾರು ಎಂಬುದು ಅಲ್ಲೇ ಸಿಗುತ್ತದೆ.

ಆಮೇಲೆ ಮಕ್ಕಳನ್ನು ಅವರವರ ಅಜ್ಜ, ಅಜ್ಜಿಯ ಹತ್ತಿರ ಕಳಿಸಿ. ಲಿಂಗನಮಕ್ಕಿಯ ನೀರು 1964ರಲ್ಲಿ ನಿಂತಾಗ ಸಾಗರ, ಹೊಸನಗರದ ಎಷ್ಟೋ ಊರು ಮುಳುಗಿದವು. ಮುಳುಗಿದ ಊರಿನ ಹೆಸರು ಬಾಯಲ್ಲಿ ಉಳಿಸಿಕೊಂಡ ಅಜ್ಜಿಯೂ ಊರು ಕಟ್ಟಿದವಳೇ. ಒಂದೊಂದು ಹಾಸ್ಟೆಲ್ಲಿಗೂ ಒಂದು ನೋಟ್‌ಬುಕ್ ಇಡಿ. ಹಳ್ಳಿ, ವರ್ಷ, ಹೇಳಿದ ಮಾತು, ಅಷ್ಟೇ ಬರೆಯಿರಿ. ಅಲಂಕಾರ ಬೇಡ.

ಆ ಅಜ್ಜನ ಪ್ರಶ್ನೆಯನ್ನು ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿದ್ದೇವೆ. ಕೆಳಗೆ ಉತ್ತರಕ್ಕೆ ಜಾಗ ಬಿಟ್ಟಿದ್ದೇವೆ. ಆ ಹುಡುಗಿ ಈಗ ಆರನೇ ಕ್ಲಾಸು. ಅವಳ ಕೈಗೆ ಪೆನ್ನು ಕೊಟ್ಟಿದ್ದೇವೆ.

ಜೈ ಭೀಮ್.