ಗೆಲ್ತಾ ಇರೋ ತಂಡ ಕೊನೇ ಐದು ನಿಮಿಷ ಏನು ಮಾಡಬೇಕು?

2017ರ ಫೆಬ್ರವರಿ 5, ಹ್ಯೂಸ್ಟನ್ ನಗರ. ಅಮೆರಿಕನ್ ಫುಟ್‌ಬಾಲ್‌ನ ಫೈನಲ್, ಅಂದ್ರೆ ಸೂಪರ್ ಬೌಲ್. ಮೂರನೇ ಕ್ವಾರ್ಟರ್ ನಡೀತಿದೆ. ಅಟ್ಲಾಂಟಾ ಫಾಲ್ಕನ್ಸ್ 28, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 3. ಪಂದ್ಯ ಮುಗೀತು ಅಂತ ಟಿವಿ ಆರಿಸಿ ಮಲಗಿದವರು ಬೆಳಿಗ್ಗೆ ಎದ್ದು ನೋಡಿದ್ರೆ, ಪೇಟ್ರಿಯಟ್ಸ್ 34-28ರಿಂದ ಗೆದ್ದಿದ್ದಾರೆ. ಸೂಪರ್ ಬೌಲ್ ಓವರ್‌ಟೈಮ್‌ಗೆ ಹೋಗಿದ್ದು ಅದೇ ಮೊದಲು.

ಅವತ್ತಿಂದ ಅಭಿಮಾನಿಗಳ ನಡುವೆ ಒಂದೇ ವಾದ. ಮುಂದಿರೋ ತಂಡ ಕೊನೆಯಲ್ಲಿ ಕಾಯ್ದುಕೊಂಡು ಆಡಬೇಕಾ, ಇಲ್ಲ ನುಗ್ಗಿ ಆಡಬೇಕಾ? ಫಾಲ್ಕನ್ಸ್ ನುಗ್ಗಿ ಆಡಿ ಕೆಟ್ಟರು ಅಂತ ಒಂದು ಗುಂಪು. ಆ ಆಟದಿಂದಲೇ 28 ಪಾಯಿಂಟ್ ಬಂದಿತ್ತಲ್ಲ, ಅದನ್ನ ಯಾಕೆ ಬಿಡಬೇಕು ಅಂತ ಇನ್ನೊಂದು ಗುಂಪು. ನನ್ನ ಪ್ರಕಾರ ಇಬ್ಬರೂ ಕೋಚ್‌ನ ಗುಂಡಿಗೆ ಅಳೀತಿದ್ದಾರೆ. ಅಳೀಬೇಕಾಗಿದ್ದು ಗಡಿಯಾರ.

ಈ ಆಟ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡ್ತೀನಿ. ಚೆಂಡು ಕೈಲಿರೋ ತಂಡಕ್ಕೆ 10 ಯಾರ್ಡ್ ಮುಂದೆ ಹೋಗೋಕೆ ನಾಲ್ಕು ಅವಕಾಶ. ಒಂದೊಂದನ್ನೂ ಡೌನ್ ಅಂತಾರೆ. 10 ಯಾರ್ಡ್ ದಾಟಿದ್ರೆ ಮತ್ತೆ ಹೊಸದಾಗಿ ನಾಲ್ಕು. ಮೂರರಲ್ಲಿ ಆಗಲಿಲ್ಲ ಅಂದ್ರೆ, ನಾಲ್ಕನೇದರಲ್ಲಿ ಸಾಮಾನ್ಯವಾಗಿ ಚೆಂಡನ್ನ ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡ್ತಾರೆ. ಅದು ಪಂಟ್. ಗೋಲ್ ಕಂಬ ಹತ್ತಿರ ಇದ್ರೆ ಕಂಬಗಳ ನಡುವೆ ಒದ್ದು ಮೂರು ಪಾಯಿಂಟ್ ತಗೋತಾರೆ, ಅದು ಫೀಲ್ಡ್ ಗೋಲ್. ಚೆಂಡನ್ನ ಎದುರಾಳಿಯ ಕೊನೇ ಗೆರೆ ದಾಟಿಸಿದ್ರೆ ಟಚ್‌ಡೌನ್, ಅದಕ್ಕೆ ಆರು. ಆಮೇಲೆ ಒದ್ದು ಇನ್ನೊಂದು ತಗೋಬಹುದು, ಇಲ್ಲ ಧೈರ್ಯ ಮಾಡಿ ಎರಡಕ್ಕೆ ಪ್ರಯತ್ನಿಸಬಹುದು.

ಈಗ ಗಡಿಯಾರ. ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ. ಚೆಂಡು ಹಿಡ್ಕೊಂಡು ಓಡಿದವನನ್ನ ಮೈದಾನದ ಒಳಗೇ ಕೆಡವಿದ್ರೆ ಗಡಿಯಾರ ಓಡ್ತಾನೇ ಇರುತ್ತೆ. ಮುಂದಿನ ಆಟ ಶುರು ಮಾಡೋಕೆ 40 ಸೆಕೆಂಡ್ ತನಕ ಸಮಯ ಇರುತ್ತೆ, ಮುಂದಿರೋ ತಂಡ ಅದರಲ್ಲಿ ಕೊನೇ ಸೆಕೆಂಡಿನವರೆಗೂ ಕಾಯಬಹುದು. ಆದ್ರೆ ಎಸೆದ ಪಾಸ್ ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ರೆ ಗಡಿಯಾರ ನಿಂತುಬಿಡುತ್ತೆ. ಓಡಿಸಿದ್ರೆ ಸಮಯ ಕರಗುತ್ತೆ, ಎಸೆದ್ರೆ ಸಮಯ ಉಳಿಯಬಹುದು. ಎದುರಾಳಿ ಹತ್ತಿರ ಗಡಿಯಾರ ನಿಲ್ಲಿಸೋಕೆ ಅರ್ಧಕ್ಕೆ ಮೂರು ಟೈಮ್‌ಔಟ್ ಇರುತ್ತೆ, ಅಷ್ಟೇ. ಅದು ಖಾಲಿಯಾಗಿದ್ರೆ, ಕ್ವಾರ್ಟರ್‌ಬ್ಯಾಕ್, ಅಂದ್ರೆ ಆಟ ನಡೆಸಿ ಪಾಸ್ ಎಸೆಯೋ ಆಟಗಾರ, ಮೂರು ಸಲ ಸುಮ್ಮನೆ ಮಂಡಿಯೂರಿದ್ರೇ ಸುಮಾರು ಎರಡು ನಿಮಿಷ ಹೋಗಿಬಿಡುತ್ತೆ.

ಕಬಡ್ಡಿ ನೋಡೋರಿಗೆ ಇದು ತಕ್ಷಣ ಹೊಳೆಯುತ್ತೆ. ಕೊನೇ ಎರಡು ನಿಮಿಷ, ನಾಲ್ಕು ಪಾಯಿಂಟ್ ಮುಂದೆ. ರೈಡರ್ ಒಳಗೆ ಹೋಗಿ, ಯಾರನ್ನೂ ಮುಟ್ಟದೆ, 30 ಸೆಕೆಂಡ್ ಕಳೆದು ವಾಪಸ್ ಬರ್ತಾನೆ. ಅವನನ್ನ ಯಾರೂ ಹೇಡಿ ಅನ್ನಲ್ಲ. ಆದ್ರೆ ಎರಡು ಸಲ ಖಾಲಿ ಬಂದ ಮೇಲೆ ಮೂರನೇದು ಡು-ಆರ್-ಡೈ. ಅಲ್ಲಿ ಕಾಲಹರಣ ನಡೆಯಲ್ಲ. ಫುಟ್‌ಬಾಲ್‌ನಲ್ಲೂ ಹಾಗೇನೇ: ಕಾಲಹರಣಕ್ಕೆ ಒಂದು ಮಿತಿ ಇದೆ, ಆ ಮಿತಿ ಮುಗಿದ ಮೇಲೆ ಚೆಂಡು ಎದುರಾಳಿ ಕೈಗೆ ಹೋಗುತ್ತೆ.

ಮಂಡಿಯೂರೋದರ ಬಗ್ಗೆ ಹೇಳಿದೆನಲ್ಲ, ಅದರ ಹಿಂದೆ ಒಂದು ಕಥೆ ಇದೆ. 1978ರ ನವೆಂಬರ್ 19. ನ್ಯೂಯಾರ್ಕ್ ಜೈಂಟ್ಸ್ 17, ಫಿಲಡೆಲ್ಫಿಯಾ ಈಗಲ್ಸ್ 12. ಉಳಿದಿದ್ದು ಅರ್ಧ ನಿಮಿಷದಷ್ಟು. ಚೆಂಡು ಜೈಂಟ್ಸ್ ಹತ್ತಿರಾನೇ ಇದೆ, ಈಗಲ್ಸ್‌ಗೆ ಟೈಮ್‌ಔಟ್ ಇಲ್ಲ. ಕ್ವಾರ್ಟರ್‌ಬ್ಯಾಕ್ ಜೋ ಪಿಸಾರ್ಚಿಕ್ ಕೂತುಬಿಟ್ಟಿದ್ರೆ ಪಂದ್ಯ ಮುಗೀತಿತ್ತು. ಆದ್ರೆ ಆಗಿನ ಕಾಲಕ್ಕೆ ಹಾಗೆ ಕೂರೋದು ಮರ್ಯಾದೆ ಅಲ್ಲ ಅನ್ನೋ ಭಾವನೆ ಇತ್ತು. ಓಡೋ ಆಟಕ್ಕೆ ಸೂಚನೆ ಬಂತು. ಲ್ಯಾರಿ ಝೋಂಕಾಗೆ ಚೆಂಡು ಕೊಡೋ ಹೊತ್ತಿಗೆ ಕೈ ತಪ್ಪಿತು. ಈಗಲ್ಸ್‌ನ ಹರ್ಮ್ ಎಡ್ವರ್ಡ್ಸ್ ಬಾಚಿಕೊಂಡು ಓಡಿ ಟಚ್‌ಡೌನ್ ಮಾಡಿದ. 19-17. ಮಾರನೇ ದಿನ ಜೈಂಟ್ಸ್‌ನ ಆಕ್ರಮಣ ವಿಭಾಗದ ಕೋಚ್ ಕೆಲಸ ಹೋಯ್ತು. ಆಮೇಲೆ ಪ್ರತಿ ತಂಡವೂ ಮಂಡಿಯೂರೋಕೆ ಅಂತಾನೇ ಒಂದು ವ್ಯೂಹ ಕಲಿತುಕೊಂಡಿತು. ಅದಕ್ಕೆ ವಿಕ್ಟರಿ ಫಾರ್ಮೇಶನ್ ಅಂತಾರೆ.

2007ರಲ್ಲಿ ಇದೇ ಈಗಲ್ಸ್ ಆಟಗಾರ ಬ್ರಯಾನ್ ವೆಸ್ಟ್‌ಬ್ರೂಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಡಲ್ಲಾಸ್ ಕೌಬಾಯ್ಸ್ ಮೇಲೆ 10-6 ಮುಂದೆ. ಎದುರಿಗೆ ಯಾರೂ ಇಲ್ಲ, ಟಚ್‌ಡೌನ್ ಕೈಯಲ್ಲೇ ಇದೆ. ಒಂದು ಯಾರ್ಡ್ ಇರುವಾಗ ತಾನಾಗೇ ನೆಲಕ್ಕೆ ಕೂತ! ಯಾಕೆ? ಟಚ್‌ಡೌನ್ ಮಾಡಿದ್ರೆ ಚೆಂಡು ಡಲ್ಲಾಸ್‌ಗೆ ಹೋಗುತ್ತೆ. ಮಾಡದೆ ಕೂತ್ರೆ ಡಲ್ಲಾಸ್‌ಗೆ ಮತ್ತೆ ಚೆಂಡೇ ಸಿಗಲ್ಲ, ಅವರ ಟೈಮ್‌ಔಟ್ ಮುಗಿದಿತ್ತು. ಈ ಆಟದಲ್ಲಿ ನಾನು ಕಂಡ ಅತ್ಯಂತ ಬುದ್ಧಿವಂತ ಕ್ಷಣ ಅದು. ಕೊನೇ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆ ಅವನ ತಲೆಯಲ್ಲಿತ್ತು: ಗೆಲ್ಲೋಕೆ ಎದುರಾಳಿಗೆ ಇನ್ನೂ ಎಷ್ಟು ಸಲ ಚೆಂಡು ಬೇಕು, ನಾನು ಎಷ್ಟು ಸಲ ಸಿಗೋ ಹಾಗೆ ಬಿಡ್ತೀನಿ?

ಈ ಪ್ರಶ್ನೆ ಹಿಡ್ಕೊಂಡು ಹ್ಯೂಸ್ಟನ್‌ಗೆ ವಾಪಸ್ ಹೋಗೋಣ.

ನಾಲ್ಕನೇ ಕ್ವಾರ್ಟರ್, ಎಂಟೂವರೆ ನಿಮಿಷ ಬಾಕಿ. ಫಾಲ್ಕನ್ಸ್ 28, ಪೇಟ್ರಿಯಟ್ಸ್ 12. ಮೂರನೇ ಡೌನ್, ಬೇಕಾಗಿರೋದು ಒಂದೇ ಯಾರ್ಡ್. ಫಾಲ್ಕನ್ಸ್‌ನ ಆಟ ಹೆಣೀತಿದ್ದವರು ಕೈಲ್ ಶನಹಾನ್. ಅವರು ಪಾಸ್ ಹೇಳಿದರು. ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯಾನ್ ಎಸೆಯೋಕೆ ಕೈ ಎತ್ತೋ ಹೊತ್ತಿಗೆ ಪೇಟ್ರಿಯಟ್ಸ್‌ನ ಡಾಂಟಾ ಹೈಟವರ್ ಬಂದು ಅಪ್ಪಳಿಸಿದ, ಚೆಂಡು ಜಾರಿತು, ಪೇಟ್ರಿಯಟ್ಸ್ ಪಾಲಾಯ್ತು. ಸ್ವಲ್ಪ ಹೊತ್ತಿಗೆ ಟಚ್‌ಡೌನ್, ಜೊತೆಗೆ ಎರಡು ಪಾಯಿಂಟ್. 28-20.

ಎಲ್ಲರೂ ಬೈಯೋದು ಈ ಪಾಸನ್ನೇ. ನಾನು ಬೈಯಲ್ಲ. ಎಂಟೂವರೆ ನಿಮಿಷ ಅಂದ್ರೆ ಬಹಳ ಸಮಯ. ಟಾಮ್ ಬ್ರೇಡಿ ಅಂಥ ಕ್ವಾರ್ಟರ್‌ಬ್ಯಾಕ್ ಎದುರಿಗಿದ್ದಾಗ ಆ ಒಂದು ಯಾರ್ಡ್ ಗಿಟ್ಟಿಸಿ ಚೆಂಡನ್ನ ತಮ್ಮ ಹತ್ತಿರ ಇಟ್ಕೊಳ್ಳೋದೇ ಮುಖ್ಯ. ಅಲ್ಲಿ ತಪ್ಪಿದ್ದು ತಡೆಯಬೇಕಾದವನು ಹೈಟವರ್‌ನನ್ನ ತಡೆಯದೇ ಇದ್ದದ್ದು.

ನಿಜವಾದ ತಪ್ಪು ಆಗಿದ್ದು ಫಾಲ್ಕನ್ಸ್‌ಗೆ ಮುಂದಿನ ಸಲ ಚೆಂಡು ಸಿಕ್ಕಾಗ. ಅವರ ಜೂಲಿಯೋ ಜೋನ್ಸ್ ಬದಿಯ ಗೆರೆ ಅಂಚಿನಲ್ಲಿ, ಕಾಲ್ಬೆರಳ ತುದಿ ಮಾತ್ರ ಒಳಗಿಟ್ಟು, ಗಾಳಿಯಲ್ಲೇ ಚೆಂಡು ಹಿಡಿದ. ಎಂಥಾ ಕ್ಯಾಚ್ ಅದು! ಚೆಂಡು ಪೇಟ್ರಿಯಟ್ಸ್‌ನ 22 ಯಾರ್ಡ್ ಗೆರೆಗೆ ಬಂತು. ಉಳಿದಿದ್ದು ನಾಲ್ಕು ನಿಮಿಷ 40 ಸೆಕೆಂಡ್. ಇಲ್ಲಿಂದ ಮೂರು ಸಲ ನಡುವೆ ನುಗ್ಗಿ ಓಡಿ, ಒಂದು ಯಾರ್ಡೂ ಸಿಗದೆ ಇದ್ರೂ, ಮ್ಯಾಟ್ ಬ್ರಯಂಟ್ ಒದೆಯಬೇಕಾಗಿದ್ದು ಸುಮಾರು 40 ಯಾರ್ಡಿನ ಫೀಲ್ಡ್ ಗೋಲ್. ಅವನ ಮಟ್ಟದ ಕಿಕ್ಕರ್‌ಗೆ ಅದು ದಿನನಿತ್ಯದ ಕೆಲಸ. 31-20 ಆಗಿದ್ರೆ ಅಂತರ 11. ಒಂದೇ ಸಲದಲ್ಲಿ 11 ಮಾಡೋಕೆ ಆಗಲ್ಲ. ಪೇಟ್ರಿಯಟ್ಸ್‌ಗೆ ಎರಡು ಸಲ ಚೆಂಡು ಬೇಕಾಗ್ತಿತ್ತು, ಸಮಯವೂ ಕರಗಿರ್ತಿತ್ತು.

ಮೊದಲನೇ ಡೌನ್ ಓಡಿದರು, ಒಂದು ಯಾರ್ಡ್ ಹಿಂದಕ್ಕೆ. ಪರವಾಗಿಲ್ಲ. ಎರಡನೇದಕ್ಕೆ ಪಾಸ್. ಪೇಟ್ರಿಯಟ್ಸ್‌ನ ಟ್ರೇ ಫ್ಲವರ್ಸ್ ರಯಾನ್‌ನನ್ನ ಕೆಡವಿದ, 12 ಯಾರ್ಡ್ ಹೋಯ್ತು. ಮೂರನೇದಕ್ಕೆ ಮತ್ತೆ ಪಾಸ್, ಈ ಸಲ ಹೋಲ್ಡಿಂಗ್, ಅಂದ್ರೆ ಎದುರಾಳಿಯನ್ನ ಹಿಡಿದು ತಡೆದದ್ದು, ಅಂತ ಇನ್ನೂ 10 ಯಾರ್ಡ್ ದಂಡ. ಆಮೇಲೆ ನೆಲಕ್ಕೆ ಬಿದ್ದ ಪಾಸ್. ಕೈಯಲ್ಲಿದ್ದ ಮೂರು ಪಾಯಿಂಟ್ ಹೋಗಿ ಪಂಟ್ ಮಾಡೋ ಸ್ಥಿತಿ ಬಂತು. ಬ್ರೇಡಿ 91 ಯಾರ್ಡ್ ಸಾಗಿ 28-28 ಮಾಡಿದ. ಓವರ್‌ಟೈಮ್‌ನಲ್ಲಿ ಫಾಲ್ಕನ್ಸ್ ಆಕ್ರಮಣಕ್ಕೆ ಚೆಂಡು ಮುಟ್ಟೋ ಅವಕಾಶವೂ ಸಿಗಲಿಲ್ಲ.

ಒಂದೇ ಪಂದ್ಯ, ಒಂದೇ ಕೋಚ್, ಎರಡೂ ಪಾಸ್. ಒಂದು ಸರಿ, ಒಂದು ತಪ್ಪು. ವ್ಯತ್ಯಾಸ ಏನು? ಎರಡನೇ ಸಲ ಕಾಯ್ದುಕೊಂಡು ಆಡಿದ್ರೆ ಪಾಯಿಂಟ್ ಹೆಚ್ಚುಕಡಿಮೆ ಖಚಿತವಾಗಿ ಬರೋದಿತ್ತು.

ಹಾಗಾದ್ರೆ ಕಾಯ್ದುಕೊಂಡು ಆಡೋದೇ ಸರಿ ಅಂತೀರಾ? 2015ರ ಜನವರಿ 18 ನೋಡಿ. ಸಿಯಾಟಲ್‌ನಲ್ಲಿ, ಸೂಪರ್ ಬೌಲ್‌ಗೆ ಹೋಗೋ ಪಂದ್ಯ. ಗ್ರೀನ್ ಬೇ ಪ್ಯಾಕರ್ಸ್ ಶುರುವಿನಲ್ಲೇ ಎರಡು ಸಲ ಗೆರೆಯಿಂದ ಒಂದೇ ಯಾರ್ಡ್ ದೂರ ಬಂದು, ನಾಲ್ಕನೇ ಡೌನ್‌ನಲ್ಲಿ ಎರಡೂ ಸಲ ಫೀಲ್ಡ್ ಗೋಲ್ ಒದ್ದು ಮೂರು ಮೂರು ತಗೊಂಡರು. ಕೊನೇ ಐದು ನಿಮಿಷದ ಹೊತ್ತಿಗೆ 19-7 ಮುಂದೆ. ಪ್ಯಾಕರ್ಸ್‌ನ ಮಾರ್ಗನ್ ಬರ್ನೆಟ್ ಸಿಯಾಟಲ್‌ನ ಪಾಸನ್ನ ನಡುವೆಯೇ ಹಿಡಿದ. ಮುಂದೆ ಓಡೋಕೆ ಜಾಗ ಇತ್ತು, ಆದ್ರೂ ಕೂತುಬಿಟ್ಟ. ಆಮೇಲೆ ಬರೀ ಓಡೋ ಆಟ, ಯಾರ್ಡ್ ಹಿಂದಕ್ಕೆ ಹೋಯ್ತು, ಪಂಟ್. ಆಗಿನ ಲೀಗ್‌ನ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಒಬ್ಬನಾದ ಆರನ್ ರಾಜರ್ಸ್ ಕೈಗೆ ಕೆಲಸವನ್ನೇ ಕೊಡಲಿಲ್ಲ. ಸಿಯಾಟಲ್ ಟಚ್‌ಡೌನ್ ಮಾಡಿತು, ಬೇಕಂತಲೇ ಹತ್ತಿರಕ್ಕೆ ಒದೆಯೋ ಆನ್‌ಸೈಡ್ ಕಿಕ್‌ನಲ್ಲಿ ಚೆಂಡು ವಾಪಸ್ ಕಿತ್ಕೊಂಡಿತು, ಮತ್ತೊಂದು ಟಚ್‌ಡೌನ್, ಪಂದ್ಯ ಸಮವಾಗಿ ಕೊನೆಗೆ ಓವರ್‌ಟೈಮ್‌ನಲ್ಲಿ 28-22ರಿಂದ ಗೆದ್ದಿತು. ಇಲ್ಲಿ ಐದು ನಿಮಿಷ ಉಳಿದಿರುವಾಗಲೇ ಗೆದ್ದೆವು ಅಂತ ಕೂತದ್ದು ತಪ್ಪು. ಆ ಕಾಯೋ ಆಟ ಪಂದ್ಯವನ್ನ ಮುಗಿಸಲಿಲ್ಲ. ಚೆಂಡನ್ನ ಬೇಗ ಅವರ ಕೈಗೆ ಕೊಟ್ಟಿತು, ಅಷ್ಟೇ.

ಈಗ ನನಗೆ ಬಹಳ ಇಷ್ಟವಾದ ಪ್ರಸಂಗ. 2009ರ ನವೆಂಬರ್ 15, ಇಂಡಿಯಾನಾಪೊಲಿಸ್. ಪೇಟ್ರಿಯಟ್ಸ್ 34, ಕೋಲ್ಟ್ಸ್ 28. ಎರಡು ನಿಮಿಷ 8 ಸೆಕೆಂಡ್ ಬಾಕಿ. ನಾಲ್ಕನೇ ಡೌನ್, ಎರಡು ಯಾರ್ಡ್ ಬೇಕು, ಅದೂ ತಮ್ಮದೇ 28 ಯಾರ್ಡ್ ಗೆರೆಯಲ್ಲಿ. ಯಾರೇ ಆಗಿದ್ರೂ ಪಂಟ್ ಮಾಡ್ತಿದ್ದರು. ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್ ಮಾಡಲಿಲ್ಲ. ಬ್ರೇಡಿ ಎಸೆದ, ಕೆವಿನ್ ಫಾಕ್ ಹಿಡಿದ, ಆದ್ರೆ ಗೆರೆಗೆ ಕೊಂಚ ಹಿಂದೆ ಬಿದ್ದ ಅಂತ ತೀರ್ಪು. ಅದನ್ನ ಪ್ರಶ್ನಿಸೋಕೆ ಟೈಮ್‌ಔಟ್ ಉಳಿದಿರಬೇಕು, ಅವರ ಹತ್ತಿರ ಇರಲಿಲ್ಲ. ಕೋಲ್ಟ್ಸ್‌ನ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ 13 ಸೆಕೆಂಡ್ ಇರುವಾಗ ಟಚ್‌ಡೌನ್ ಎಸೆದ. 35-34.

ವಾರಗಟ್ಟಲೆ ಬೆಲಿಚಿಕ್‌ಗೆ ಬೈಗುಳ. ಆದ್ರೆ ಲೆಕ್ಕ ಹಾಕಿ. ಎರಡು ಯಾರ್ಡ್ ಸಿಕ್ಕಿದ್ರೆ ಪಂದ್ಯ ಹೆಚ್ಚುಕಡಿಮೆ ಅಲ್ಲೇ ಮುಗೀತಿತ್ತು, ಮ್ಯಾನಿಂಗ್ ಪಕ್ಕದಲ್ಲಿ ನಿಂತು ನೋಡಬೇಕಾಗ್ತಿತ್ತು. ಎರಡು ಯಾರ್ಡಿನ ಪ್ರಯತ್ನಗಳು ಸೋಲೋದಕ್ಕಿಂತ ಗೆಲ್ಲೋದೇ ಸ್ವಲ್ಪ ಜಾಸ್ತಿ. ಪಂಟ್ ಮಾಡಿದ್ರೆ? ಅವತ್ತಿನ ಮ್ಯಾನಿಂಗ್‌ಗೆ ಎರಡು ನಿಮಿಷ, 70 ಯಾರ್ಡ್. ಆ ರಾತ್ರಿ ಅದು ಅವನಿಗೆ ದೊಡ್ಡ ದೂರವೇ ಆಗಿರಲಿಲ್ಲ. ಬೆಲಿಚಿಕ್ ಸೋತರು, ಆದ್ರೆ ಅವರ ನಿರ್ಧಾರ ಸರಿ ಅಂತಾನೇ ನಾನು ಹೇಳ್ತೀನಿ.

ಬೆಲಿಚಿಕ್ ಕಾಲೇಜಿನಲ್ಲಿ ಓದಿದ್ದು ಅರ್ಥಶಾಸ್ತ್ರ. ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ 2006ರಲ್ಲಿ ನಾಲ್ಕನೇ ಡೌನ್ ಬಗ್ಗೆನೇ ಒಂದು ಪ್ರಬಂಧ ಪ್ರಕಟಿಸಿದ್ದರು. ಕೋಚ್‌ಗಳು ಗೆಲುವಿನ ಲೆಕ್ಕ ಹೇಳೋದಕ್ಕಿಂತ ತುಂಬಾ ಹೆಚ್ಚು ಸಲ ಒದ್ದುಬಿಡ್ತಾರೆ ಅನ್ನೋದು ಅದರ ಸಾರ. ಯಾಕೆ ಹಾಗೆ? ನನಗೆ ಕಾಣೋ ಕಾರಣ ಇದು. ಪಂಟ್ ಮಾಡಿ ಸೋತ್ರೆ ಡಿಫೆನ್ಸ್ ಸೋತಿತು ಅಂತಾರೆ. ಧೈರ್ಯ ಮಾಡಿ ಸೋತ್ರೆ ಕೋಚ್ ಸೋಲಿಸಿದ ಅಂತಾರೆ. ಸೋಲು ಒಂದೇ, ಬೈಗುಳದ ವಿಳಾಸ ಬೇರೆ. ಕೆಲಸ ಉಳಿಸಿಕೊಳ್ಳಬೇಕಾದ ಮನುಷ್ಯ ಯಾವುದನ್ನ ಆರಿಸ್ತಾನೆ ಅಂತ ಊಹಿಸೋದು ಕಷ್ಟ ಅಲ್ಲ. ಅದಕ್ಕೇ ನೋಡುಗರಾದ ನಮ್ಮ ಜವಾಬ್ದಾರಿಯೂ ಇದರಲ್ಲಿದೆ. ಫಲಿತಾಂಶ ನೋಡಿ ಬೈಯೋ ನಾವೇ ಕೋಚ್‌ಗಳನ್ನ ಹೆದರಿಸಿ ಇಟ್ಟಿದ್ದೀವಿ.

ಗೆದ್ದಾಗ ಇದೇ ಧೈರ್ಯಕ್ಕೆ ಪ್ರತಿಮೆ ನಿಲ್ಲಿಸ್ತಾರೆ. 2018ರ ಸೂಪರ್ ಬೌಲ್‌ನಲ್ಲಿ ಈಗಲ್ಸ್ 32-33 ಹಿಂದಿತ್ತು, ಆರು ನಿಮಿಷಕ್ಕೂ ಕಡಿಮೆ ಬಾಕಿ, ತಮ್ಮದೇ ಅರ್ಧದಲ್ಲಿ ನಾಲ್ಕನೇ ಡೌನ್. ಕೋಚ್ ಡಗ್ ಪೆಡರ್ಸನ್ ಪಂಟ್ ಮಾಡಲಿಲ್ಲ. ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್ ಎರಡು ಯಾರ್ಡಿನ ಪುಟ್ಟ ಪಾಸ್ ಎಸೆದ, ಆಟ ಮುಂದುವರಿಯಿತು, 41-33ರಿಂದ ಗೆದ್ದರು. ಇವತ್ತು ಫಿಲಡೆಲ್ಫಿಯಾದ ಸ್ಟೇಡಿಯಂ ಹೊರಗೆ ಪೆಡರ್ಸನ್ ಮತ್ತು ಫೋಲ್ಸ್ ಪ್ರತಿಮೆ ಇದೆ, ಅದೇ ಪಂದ್ಯದ ಇನ್ನೊಂದು ನಾಲ್ಕನೇ ಡೌನ್ ಸಾಹಸದ ನೆನಪಿಗೆ. 2024ರ ಜನವರಿಯಲ್ಲಿ ಡೆಟ್ರಾಯಿಟ್ ಲಯನ್ಸ್‌ನ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಇದೇ ಥರ ಎರಡು ಸಲ ಫೀಲ್ಡ್ ಗೋಲ್ ಬಿಟ್ಟು ನುಗ್ಗಿದರು. ಒಂದರಲ್ಲಿ ಆಟಗಾರನ ಕೈಗೆ ಬಂದ ಚೆಂಡೇ ಜಾರಿತು. ಅರ್ಧ ಹೊತ್ತಿಗೆ 24-7 ಮುಂದಿದ್ದವರು 34-31ರಿಂದ ಸೋತರು. ಕ್ಯಾಂಪ್‌ಬೆಲ್‌ಗೆ ಸಿಕ್ಕಿದ್ದು ಬೈಗುಳ.

ಕೊನೆಯದಾಗಿ ಒಂದು ಪಂದ್ಯದ ಮೇಲೆ ನನ್ನ ತೀರ್ಪು ಹೇಳ್ತೀನಿ. 2015ರ ಸೂಪರ್ ಬೌಲ್. ಇಲ್ಲಿ ಪ್ರಶ್ನೆ ಹಿಂದಿದ್ದ ತಂಡದ್ದು, ಆದ್ರೂ ಲೆಕ್ಕ ಅದೇ ಗಡಿಯಾರದ್ದು. ಸಿಯಾಟಲ್ 24, ಪೇಟ್ರಿಯಟ್ಸ್ 28. ಗೆರೆಗೆ ಒಂದೇ ಯಾರ್ಡ್, ಎರಡನೇ ಡೌನ್, 26 ಸೆಕೆಂಡ್, ಸಿಯಾಟಲ್‌ಗೆ ಒಂದೇ ಟೈಮ್‌ಔಟ್. ತಂಡದಲ್ಲಿ ಮಾರ್ಶಾನ್ ಲಿಂಚ್ ಅಂಥ, ನುಗ್ಗಿ ಓಡೋ ಗೂಳಿ ಇದ್ದಾನೆ. ಕೋಚ್ ಪೀಟ್ ಕ್ಯಾರಲ್ ಪಾಸ್ ಆಡಿಸಿದರು, ಪೇಟ್ರಿಯಟ್ಸ್‌ನ ಮಾಲ್ಕಮ್ ಬಟ್ಲರ್ ನಡುವೆ ನುಗ್ಗಿ ಕಿತ್ಕೊಂಡ. ಲಿಂಚ್‌ಗೆ ಕೊಡಬೇಕಿತ್ತು ಅಂತ ಜಗತ್ತೇ ಹೇಳಿತು. ಲೆಕ್ಕ ಬೇರೆ ಹೇಳುತ್ತೆ. ಒಂದು ಟೈಮ್‌ಔಟ್‌ನಲ್ಲಿ, 26 ಸೆಕೆಂಡ್‌ನಲ್ಲಿ ಮೂರು ಸಲ ಓಡಿಸೋದು ಬಹಳ ಕಷ್ಟ. ಒಂದು ಪಾಸ್ ನೆಲಕ್ಕೆ ಬಿದ್ರೆ ಗಡಿಯಾರ ನಿಲ್ಲುತ್ತೆ, ಇನ್ನೂ ಎರಡು ಅವಕಾಶ ಉಳಿಯುತ್ತೆ. ಪಾಸ್ ಆರಿಸಿದ್ದು ತಪ್ಪಲ್ಲ. ಅಷ್ಟು ಜನ ಕಿಕ್ಕಿರಿದ ಕಡೆಗೆ ಎಸೆಯೋ ಪಾಸನ್ನ ಆರಿಸಿದ್ದು ತಪ್ಪು. ಅಂಚಿನ ಕಡೆ, ತಮ್ಮವನಿಗೆ ಸಿಕ್ಕಿದ್ರೆ ಸಿಗಲಿ, ಇಲ್ಲಾಂದ್ರೆ ಯಾರಿಗೂ ಸಿಗದ ಹಾಗೆ ಎಸೆಯಬೇಕಿತ್ತು.

ನಿಮಗೆ ಹಾಗೆ ಅನ್ನಿಸದೇ ಇರಬಹುದು. ಮುಂದಿನ ಪಂದ್ಯದಲ್ಲಿ ನಾಲ್ಕನೇ ಡೌನ್ ಬಂದಾಗ ಅಂಕ, ಸಮಯ, ಟೈಮ್‌ಔಟ್ ಮೂರನ್ನೂ ನೋಡಿ, ಆಟ ಶುರುವಾಗೋಕೆ ಮುಂಚೆ ನಿಮ್ಮ ನಿರ್ಧಾರ ಒಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ ಏನೇ ಆಗಲಿ, ಅದನ್ನ ತಿದ್ದಬೇಡಿ.