ಎರಡು ನಾಣ್ಯ, ನಾಲ್ಕು ಸಾಲು

(ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಶಾಲೆಯ ನೆನಪು ಹೇಳಿ ಅಂದರು. ನಾನು ಲೆಕ್ಕದ ಮೇಷ್ಟ್ರು, ನನ್ನ ನೆನಪೂ ಲೆಕ್ಕದ್ದೇ. ಸ್ವಲ್ಪ ಸಹಿಸಿಕೊಳ್ಳಿ.

ಎರಡು ನಾಣ್ಯ ಒಟ್ಟಿಗೆ ಚಿಮ್ಮಿದರೆ ಏನೇನು ಬೀಳಬಹುದು ಎಂದು ನಮ್ಮ ಮೇಷ್ಟ್ರು ಒಂದು ದಿನ ಕೇಳಿದರು. ನಾನು ಥಟ್ಟನೆ ಎದ್ದು, "ಮೂರು ಸಾರ್. ಎರಡೂ ಶಿರ, ಎರಡೂ ಪುಚ್ಛ, ಇಲ್ಲಾ ಒಂದೊಂದು" ಎಂದೆ. ಅವರು ಬೈಯಲಿಲ್ಲ. ಜೇಬಿನಿಂದ ಒಂದು ನಾಲ್ಕಾಣೆ, ಒಂದು ಎಂಟಾಣೆ ತೆಗೆದು ಮೇಜಿನ ಮೇಲಿಟ್ಟರು. "ನಾಲ್ಕಾಣೆ ಶಿರ, ಎಂಟಾಣೆ ಪುಚ್ಛ. ಈಗ ತಿರುಗಿಸಿದೆ ನೋಡು, ನಾಲ್ಕಾಣೆ ಪುಚ್ಛ, ಎಂಟಾಣೆ ಶಿರ. ಎರಡೂ ಒಂದೇ ಏನೋ?"

ನಾನೂ ಬಿಡಲಿಲ್ಲ. "ಎರಡೂ ಎಂಟಾಣೆಯೇ ಆದರೆ ಸಾರ್?"

"ಗುರುತು ಸಿಗದೇ ಇರೋದು ನಿನಗೆ ಕಣೋ, ನಾಣ್ಯಕ್ಕಲ್ಲ."

ಊಟದ ಬಿಡುವಿನಲ್ಲಿ ಜಗಲಿಯ ಮೇಲೆ ಕೂತು ಎರಡು ಎಂಟಾಣೆ ಚಿಮ್ಮಿ ಗೀಟು ಹಾಕುತ್ತಾ ಹೋದೆ. 'ಒಂದೊಂದು' ಎಂಬ ಸಾಲು ಉಳಿದೆರಡೂ ಸೇರಿದಷ್ಟು ಉದ್ದ ಬೆಳೆಯಿತು. ಮೂರರಲ್ಲಿ ಒಂದಲ್ಲ, ನಾಲ್ಕರಲ್ಲಿ ಎರಡು.

ಇಂಥದೇ ತಪ್ಪನ್ನು ಫ್ರಾನ್ಸಿನ ದೊಡ್ಡ ಗಣಿತಜ್ಞ ಡಾಲಂಬೇರ್ 1754ರಲ್ಲಿ ಅಚ್ಚಿನಲ್ಲೇ ಮಾಡಿದ್ದ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಎರಡು ಎಸೆತದಲ್ಲಿ ಒಮ್ಮೆಯಾದರೂ ಶಿರ ಬೀಳುವ ಸಂಭವ ಮೂರರಲ್ಲಿ ಎರಡು ಎಂದು ಬರೆದ. ಮೊದಲ ಎಸೆತದಲ್ಲೇ ಶಿರ ಬಿದ್ದರೆ ಆಟ ಮುಗಿಯಿತಲ್ಲ ಎಂದು ಎರಡು ಸಾಲನ್ನು ಒಂದಾಗಿಸಿಬಿಟ್ಟ. ನಿಜಕ್ಕೂ ಅದು ನಾಲ್ಕರಲ್ಲಿ ಮೂರು. ಓದಿದಾಗ ಸ್ವಲ್ಪ ಖುಷಿಯೇ ಆಯಿತೆನ್ನಿ.

ಮೇಷ್ಟ್ರಾದ ಮೇಲೂ ನಾನು ಎಡವಿದ್ದೇನೆ. ಮೂರು ನಾಣ್ಯಗಳ ಫಲಿತಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ಒಬ್ಬ ಹುಡುಗಿ ಬರೀ ಅಡ್ಡಗೆರೆ, ಬಟ್ಟಲಿನಂಥ ಗುರುತು ತುಂಬಿಸಿದ್ದಳು. ಇದೇನು ಚಿತ್ತಾರ ಎಂದು ಕೆಂಪು ಶಾಯಿಯಲ್ಲಿ ಗೀಚಿ ಸೊನ್ನೆ ಕೊಟ್ಟೆ. ಮರುದಿನ ಬಂದಳು. ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಗಟ್ಟಿ. "ಶಿರಕ್ಕೆ ಗುರು, ಪುಚ್ಛಕ್ಕೆ ಲಘು ಸಾರ್. ಮ, ಯ, ರ, ಸ, ತ, ಜ, ಭ, ನ. ಎಂಟೂ ಇವೆ, ಎಣಿಸಿ."

ಎಣಿಸಿದೆ. ಒಂದೂ ಬಿಟ್ಟಿರಲಿಲ್ಲ. ಛಂದಸ್ಸಿನ ಪ್ರಸ್ತಾರದ ಕ್ರಮ ಅದು: ಮೊದಲ ಕಂಬಸಾಲಿನಲ್ಲಿ ಗುರು ಲಘು ಒಂದೊಂದಾಗಿ, ಎರಡನೆಯದರಲ್ಲಿ ಎರಡೆರಡಾಗಿ, ಮೂರನೆಯದರಲ್ಲಿ ನಾಲ್ಕು ನಾಲ್ಕಾಗಿ. ಹಾಗೆ ಬರೆದರೆ ಯಾವುದೂ ತಪ್ಪಿಹೋಗುವುದಿಲ್ಲ, ಯಾವುದೂ ಎರಡು ಸಲ ಬರುವುದಿಲ್ಲ. ಎರಡೇ ಶಿರ ಬೇಕೆಂದರೆ ಯ, ರ, ತ, ಎಂಟರಲ್ಲಿ ಮೂರು. ಇದೇ ಶಾಲೆಯ ಕನ್ನಡ ಪಿರಿಯಡ್ಡಿನಲ್ಲಿ ಈ ಎಂಟು ಗಣಗಳನ್ನು ನಾನೂ ಬಾಯಿಪಾಠ ಮಾಡಿದ್ದೆ. ಎಂಟೇ ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಸೊನ್ನೆ ಹೊಡೆದು ಪೂರ್ತಿ ಅಂಕ ಹಾಕಿದೆ. ಆ ದಿನ ಪಾಠವನ್ನು ಅವಳ ಕೈಲೇ ಬೋರ್ಡಿನ ಮೇಲೆ ಬರೆಸಿದೆ.