ಸಹಿ ಹಾಕುವ ಮುನ್ನ

ಮಾಲೂರಿನ ಕ್ಯಾಥೊಲಿಕ್ ಹುಡುಗಿ ಮುಳಬಾಗಿಲಿನ ಹಿಂದೂ ಹುಡುಗನನ್ನು ಮೆಚ್ಚಿದಳು ಎಂದಿಟ್ಟುಕೊಳ್ಳಿ. ಮೊದಲು ಏಳುವ ಮಾತು ಒಂದೇ: ಹುಡುಗ ಕ್ರೈಸ್ತನಾಗಬೇಕು. ಅವನ ಮನೆಯಲ್ಲಿ ಅದೇ ಭಯ, ಅವಳ ಮನೆಯಲ್ಲಿ ಅದೇ ಹಟ. ಧರ್ಮಸಭೆಯ ಕಾನೂನು ಮಾತ್ರ ಹಾಗೆಂದು ಎಲ್ಲೂ ಹೇಳುವುದಿಲ್ಲ.

ಜ್ಞಾನಸ್ನಾನ ಪಡೆಯದವರೊಡನೆ ಕ್ಯಾಥೊಲಿಕರ ಮದುವೆ ಅಸಿಂಧು ಎನ್ನುವುದು ಧರ್ಮಸಭೆಯ 1983ರ ಕಾನೂನು ಸಂಹಿತೆಯ 1086ನೇ ವಿಧಿ. ಆದರೆ ಧರ್ಮಾಧ್ಯಕ್ಷರು (ಬಿಷಪ್) ಇದಕ್ಕೆ ವಿನಾಯಿತಿ ಕೊಡಬಹುದು. ಕೋಲಾರ ಜಿಲ್ಲೆಯವರ ಅರ್ಜಿ ಊರಿನ ಫಾದರ್ ಮೂಲಕ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಹೋಗುತ್ತದೆ. ಒಪ್ಪಿಗೆ ಸಿಕ್ಕರೆ ಹುಡುಗ ತನ್ನ ದೇವರನ್ನು ಬಿಡದೆಯೇ ಚರ್ಚಿನಲ್ಲಿ ಮದುವೆಯಾಗಬಹುದು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಗೂ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾದರೆ ಸಾಕು.

ತೊಡಕಿರುವುದು ಅರ್ಜಿಯ ಜೊತೆಗಿನ ವಾಗ್ದಾನದಲ್ಲಿ. ಮಕ್ಕಳಿಗೆಲ್ಲ ಜ್ಞಾನಸ್ನಾನ ಕೊಡಿಸಿ, ಕ್ಯಾಥೊಲಿಕರಾಗಿ ಬೆಳೆಸಲು ಕೈಲಾದದ್ದೆಲ್ಲ ಮಾಡುತ್ತೇನೆಂದು ಹುಡುಗಿ ಮಾತು ಕೊಡಬೇಕು. 1917ರ ಸಂಹಿತೆ ಇಬ್ಬರಿಂದಲೂ ಈ ಮಾತು ಪಡೆಯುತ್ತಿತ್ತು. 1970ರಲ್ಲಿ ವಿಶ್ವಗುರು (ಪೋಪ್) ಆರನೇ ಪೌಲರು ಅದನ್ನು ಸಡಿಲಿಸಿ, ಇನ್ನೊಬ್ಬರಿಗೆ ವಿಷಯ ತಿಳಿಸಿದರೆ ಸಾಕೆಂದರು. ಹೊರೆ ಇಳಿದದ್ದು ಅವನಿಗೆ, ಅವಳಿಗಲ್ಲ. ಹುಟ್ಟಲಿರುವ ಮಗುವಿನ ಮೇಲೆ ತಂದೆಗೂ ಅಷ್ಟೇ ಹಕ್ಕಿದೆಯೆಂದು ನಂಬುವವಳು ಪ್ರಾಮಾಣಿಕವಾಗಿ ಹೇಗೆ ಸಹಿ ಹಾಕಿಯಾಳು? ಹಾಕಿಬಿಡು, ಆಮೇಲೆ ನೋಡಿಕೊಳ್ಳೋಣ ಎನ್ನುವ ಸೋದರಮಾವಂದಿರು ಎಲ್ಲ ಮನೆಗಳಲ್ಲೂ ಇರುತ್ತಾರೆ. ಆದರೆ ಆತ್ಮಸಾಕ್ಷಿಯನ್ನು ಮನುಷ್ಯ ದೇವರೊಡನೆ ಏಕಾಂತದಲ್ಲಿರುವ ಜಾಗವೆಂದು 1965ರಲ್ಲಿ ಗೌರವಿಸಿದ್ದು ಎರಡನೇ ವ್ಯಾಟಿಕನ್ ಮಹಾಸಭೆಯೇ. ಅಲ್ಲಿ ಸುಳ್ಳು ಸಹಿ ನಡೆಯದು.

ಸಹಿ ಒಲ್ಲದವಳಿಗೆ 1954ರ ವಿಶೇಷ ವಿವಾಹ ಕಾಯ್ದೆಯಿದೆ. 30 ದಿನ ಮೊದಲೇ ಕೊಟ್ಟ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ. ಶ್ರೀನಿವಾಸಪುರದಂಥ ಊರಿನಲ್ಲಿ ಸುದ್ದಿ ಸಂಜೆಯೊಳಗೆ ಮನೆ ಮುಟ್ಟೀತು. ಸರ್ಕಾರ ಒಪ್ಪುವ ಆ ಮದುವೆಯನ್ನು, ವಿನಾಯಿತಿ ಪಡೆಯದಿದ್ದರೆ, ಧರ್ಮಸಭೆ ಒಪ್ಪದು. ಭಾನುವಾರದ ಬಲಿಪೂಜೆಗೆ ಹೋದರೂ ಪರಮಪ್ರಸಾದದ ಸಾಲಿನಲ್ಲಿ ಅವಳು ನಿಲ್ಲುವಂತಿಲ್ಲ.

ಮುರಿದ ಮದುವೆಯಲ್ಲೂ ಇದೇ ಇಬ್ಬಗೆ. ಚರ್ಚಿನ ನ್ಯಾಯಮಂಡಳಿ ಮದುವೆಯನ್ನು ಅಸಿಂಧುವೆಂದರೆ ಸರ್ಕಾರವೂ ಅದನ್ನು ಮಾನ್ಯ ಮಾಡಬೇಕೆಂದು ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯಸ್ ಸುಪ್ರೀಂ ಕೋರ್ಟಿಗೆ ಹೋದರು. 2017ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. ಹಾಗಾಗಿ ಚರ್ಚಿನ ತೀರ್ಪನ್ನಷ್ಟೇ ನಂಬಿ ಮರುಮದುವೆಯಾದವರ ಮೇಲೆ ದ್ವಿವಿವಾಹದ ಮೊಕದ್ದಮೆ ಬೀಳಬಹುದು. ಕೋರ್ಟಿನ ವಿಚ್ಛೇದನವೊಂದೇ ಇದ್ದರೆ ಚರ್ಚಿನಲ್ಲಿ ಮರುಮದುವೆಯಿಲ್ಲ. ಮದುವೆ ಅಸಿಂಧುವೆನ್ನಲು ಚರ್ಚಿನ ಎರಡು ನ್ಯಾಯಮಂಡಳಿಗಳ ತೀರ್ಪು ಬೇಕೆಂಬ ನಿಯಮವನ್ನು ವಿಶ್ವಗುರು ಫ್ರಾನ್ಸಿಸ್ 2015ರಲ್ಲಿ ತೆಗೆದುಹಾಕಿದರು. ಕೋಲಾರದ ದಂಪತಿಗೆ ಸರ್ಕಾರಿ ನ್ಯಾಯಾಲಯದ ಅಲೆದಾಟ ಮಾತ್ರ ತಪ್ಪಲಿಲ್ಲ.